ಬಿಎಫ್‌ಸಿ ಟೀಮನ್ನು ಮತ್ತೆ ಕಟ್ಟೋದು ಹೇಗೆ? ಕೋಲಾರದ ಟೀ ಅಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ಹತ್ತಿರದಲ್ಲೇ ಒಂದು ಟೀ ಅಂಗಡಿ ಇದೆ. ಟೊಮೆಟೊ ಹರಾಜಿನ ಗಲಾಟೆ ಇಳಿದ ಮೇಲೆ ಏಳೆಂಟು ಜನ ಅಲ್ಲಿ ಸೇರುತ್ತೇವೆ. ಇಬ್ಬರು ಮಂಡಿಯವರು, ಒಬ್ಬ ಲಾರಿ ಡ್ರೈವರ್, ಒಬ್ಬರು ಹೈಸ್ಕೂಲಿನ ಪಿಟಿ ಮೇಷ್ಟ್ರು, ಕೆಜಿಎಫ್‌ನಿಂದ ಬಂದು ಇಲ್ಲೇ ನೆಲೆ ನಿಂತ ನಮ್ಮ ಮಾಮ, ಬೀಜ-ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವ ನಾನು. ನಮ್ಮ ಫುಟ್‌ಬಾಲ್ ಟೀಮ್ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಗೆದ್ದರೆ ಹತ್ತು ನಿಮಿಷಕ್ಕೆ ಮಾತು ಮುಗಿಯುತ್ತದೆ. ಸೋತರೆ ಎರಡೆರಡು ಟೀ. ಪ್ರತಿ ಸಲ ಬರುವುದು ಅವೇ ಪ್ರಶ್ನೆಗಳು. ಹೊಸದಾಗಿ ಸೇರಿದವರಿಗೆ ಮೊದಲಿಂದ ಹೇಳಿ ಹೇಳಿ ಸಾಕಾಗಿ ಇದನ್ನು ಬರೆದಿದ್ದೇನೆ. ಉತ್ತರಗಳು ನನ್ನವು. ಮೇಷ್ಟ್ರು ಅರ್ಧಕ್ಕೆ ಒಪ್ಪಿದ್ದಾರೆ. ಮಾಮ ಯಾವುದಕ್ಕೂ ಒಪ್ಪಿಲ್ಲ.

ಕೋಲಾರದಲ್ಲಿ ಕೂತು ಬೆಂಗಳೂರಿನ ಟೀಮ್ ಬಗ್ಗೆ ಯಾಕೆ ಇಷ್ಟು ತಲೆ ಕೆಡಿಸ್ಕೋತೀರಾ?

ಬೆಂಗಳೂರು ಇಲ್ಲಿಂದ ಸುಮಾರು 70 ಕಿಲೋಮೀಟರ್. ನಮ್ಮ ಟೊಮೆಟೊ, ಹಾಲು, ಸೊಪ್ಪು, ಕೆಲಸ ಹುಡುಕುವ ಹುಡುಗರು ಎಲ್ಲಾ ಅಲ್ಲಿಗೇ ಹೋಗುವುದು. ಅಭಿಮಾನವೂ ಅದೇ ಬಸ್ ಹತ್ತಿತು, ಅಷ್ಟೇ.

ಮಾಮನ ಕಥೆ ಬೇರೆ. ಅವರಿಗೆ ಫುಟ್‌ಬಾಲ್ ಹುಚ್ಚು ಹತ್ತಿದ್ದು ಕೆಜಿಎಫ್‌ನಲ್ಲಿ, ಗಣಿ ಕಾಲನಿಯ ಮೈದಾನದಲ್ಲಿ. ಅಲ್ಲಿ ಲೆಫ್ಟ್ ಬ್ಯಾಕ್ ಆಡುತ್ತಿದ್ದರು. ಗಾಳಿ ಜೋರಾದರೆ ಸೈನೈಡ್ ದಿಬ್ಬದ (ಚಿನ್ನ ತೆಗೆದ ಮೇಲೆ ಸುರಿದ ಮಣ್ಣಿನ ರಾಶಿ) ಬಿಳಿ ಧೂಳು ಮೈದಾನದ ಮೇಲೆಲ್ಲ ಹರಡುತ್ತಿತ್ತಂತೆ. ಬಾಲ್ ಕಾಣದಿದ್ದರೂ ಎದುರಾಳಿಯ ಕಾಲು ಕಾಣುತ್ತಿತ್ತು, ಅದು ಸಾಕಾಗಿತ್ತು ಅಂತ ನಗುತ್ತಾರೆ. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಮಾಮ ಕೋಲಾರಕ್ಕೆ ಬಂದರು, ಟೀಮ್ ಇಲ್ಲದೆ ಹನ್ನೆರಡು ವರ್ಷ ಕಳೆದರು. 2013ರಲ್ಲಿ ಬೆಂಗಳೂರಿನಲ್ಲಿ ಈ ಕ್ಲಬ್ ಶುರುವಾದಾಗ ಹಿಡಿದದ್ದು ಇನ್ನೂ ಬಿಟ್ಟಿಲ್ಲ.

ಟೀಮ್ ಅಷ್ಟೊಂದು ಕೆಟ್ಟಿತ್ತಾ? ಸುಮ್ನೆ ಗೋಳಾಡ್ತೀರೋ ಏನೋ?

ಶುರು ಅತಿ ಚೆನ್ನಾಗಿದ್ದದ್ದೇ ಕಷ್ಟಕ್ಕೆ ಬಂತು. ಹುಟ್ಟಿದ ವರ್ಷವೇ ಆಗಿನ ದೇಶದ ದೊಡ್ಡ ಲೀಗ್ ಆದ ಐ-ಲೀಗ್ ಗೆದ್ದರು, 2013-14ರಲ್ಲಿ. 2015-16ರಲ್ಲಿ ಮತ್ತೆ ಗೆದ್ದರು. 2016ರಲ್ಲಿ ಏಷ್ಯಾದ ಕ್ಲಬ್ಬುಗಳು ಆಡುವ ಎಎಫ್‌ಸಿ ಕಪ್ ಫೈನಲ್ ತಲುಪಿದರು. ಅಲ್ಲಿಯವರೆಗೆ ಇಂಡಿಯಾದ ಯಾವ ಕ್ಲಬ್ಬೂ ಅಲ್ಲಿಗೆ ಹೋಗಿರಲಿಲ್ಲ. 2017-18ರಲ್ಲಿ ಐಎಸ್‌ಎಲ್‌ಗೆ (ಇಂಡಿಯನ್ ಸೂಪರ್ ಲೀಗ್) ಬಂದು ಮೊದಲ ವರ್ಷವೇ ಟೇಬಲ್‌ನಲ್ಲಿ ಮೇಲೆ. ಫೈನಲ್‌ನಲ್ಲಿ ಮಾತ್ರ ಕಂಠೀರವದಲ್ಲೇ ಚೆನ್ನೈಯಿನ್ ಕೈಲಿ 3-2ರಿಂದ ಸೋತರು. ಮರುವರ್ಷ ಕಪ್ ಬಂತು. ಗೋವಾ ಮೇಲೆ 117ನೇ ನಿಮಿಷದಲ್ಲಿ ರಾಹುಲ್ ಭೇಕೆ ತಲೆಯಿಂದ ಹಾಕಿದ ಒಂದೇ ಗೋಲು.

ಹೀಗೆ ಬೆಳೆದ ಅಭಿಮಾನಿಗೆ ಸೋಲು ಅಭ್ಯಾಸವೇ ಇರಲಿಲ್ಲ. ಆಮೇಲೆ 2020-21ರಲ್ಲಿ ಏಳನೇ ಸ್ಥಾನ, ಮರುವರ್ಷ ಆರನೇದು. 2022-23ರಲ್ಲಿ ಒಂದು ಕಡೆ ಡುರಾಂಡ್ ಕಪ್ ಬಂತು, ಸತತ ಎಂಟು ಮ್ಯಾಚ್ ಗೆದ್ದು ಪ್ಲೇಆಫ್ ಹತ್ತಿದರು, ಫೈನಲ್‌ನಲ್ಲಿ ಪೆನಾಲ್ಟಿಯಲ್ಲಿ ಸೋತರು. ಸರಿ ಹೋಯ್ತು ಅಂದುಕೊಂಡೆವು. 2023-24ರಲ್ಲಿ ಹನ್ನೆರಡು ಟೀಮಿನಲ್ಲಿ ಹತ್ತನೇ ಸ್ಥಾನ. ಆ ಡಿಸೆಂಬರ್‌ನಲ್ಲಿ ಮುಂಬೈ ಸಿಟಿ ನಮ್ಮ ಮನೆಗೇ ಬಂದು 4-0 ಹಾಕಿ ಹೋಯಿತು. ಆವತ್ತು ವಾಪಸ್ ಬರುವಾಗ ಹೊಸಕೋಟೆ ದಾಟೋವರೆಗೂ ಯಾರೂ ಬಾಯಿ ಬಿಟ್ಟಿರಲಿಲ್ಲ.

ಇಲ್ಲಿರುವ ಪ್ರಶ್ನೆಗಳೆಲ್ಲ ಹುಟ್ಟಿದ್ದು ಆ ವರ್ಷ. ಈಗಲೂ ಎರಡು ಮ್ಯಾಚ್ ಸೋತರೆ ಸಾಕು, ಎಲ್ಲಾ ಮತ್ತೆ ಎದ್ದು ಕೂರುತ್ತವೆ.

ಒಬ್ಬ ಒಳ್ಳೆ ಫಾರಿನ್ ಸ್ಟ್ರೈಕರ್ ತಂದರೆ ಎಲ್ಲಾ ಸರಿ ಹೋಗಲ್ವಾ?

ಅತಿ ಜಾಸ್ತಿ ಬರುವ ಪ್ರಶ್ನೆ ಇದು. ಮಂಡಿ ಅಣ್ಣ ಪ್ರತಿ ವಾರ ಕೇಳುತ್ತಾರೆ. ಅದಕ್ಕೆ ಉತ್ತರ ಸ್ವಲ್ಪ ಉದ್ದ.

ಒಂದು ದಿನ ಪಿಟಿ ಮೇಷ್ಟ್ರು ಬೆಂಚಿನ ಮೇಲೆ ಹನ್ನೊಂದು ಗ್ಲಾಸ್ ಜೋಡಿಸಿದರು. ಏಳು ಚಿಕ್ಕ ಟೀ ಗ್ಲಾಸ್, ನಾಲ್ಕು ಉದ್ದದ ಬಾದಾಮಿ ಹಾಲಿನ ಗ್ಲಾಸ್. ಐಎಸ್‌ಎಲ್‌ನಲ್ಲಿ 2021-22ರಿಂದ ಮೈದಾನದಲ್ಲಿ ಒಂದೇ ಹೊತ್ತಿಗೆ ನಾಲ್ಕು ಜನ ವಿದೇಶಿ ಆಟಗಾರರು ಮಾತ್ರ ಇರಬಹುದು. ಅದಕ್ಕೆ ಮುಂಚೆ ಐದು ಇತ್ತು. ಉದ್ದ ಗ್ಲಾಸ್ ಅಂದರೆ ಅವರು. ಮಿಕ್ಕ ಏಳು ಚಿಕ್ಕ ಗ್ಲಾಸ್ ನಮ್ಮವರು.

ಮೇಷ್ಟ್ರು ಉದ್ದ ಗ್ಲಾಸ್ ನಾಲ್ಕನ್ನೂ ಮುಂದೆ ಇಟ್ಟರು. ಎಲ್ಲರೂ ಭೇಷ್ ಅಂದರು. ಆಮೇಲೆ ಡಿಫೆನ್ಸ್ ನಡುವಿಂದ ಒಂದು ಚಿಕ್ಕ ಗ್ಲಾಸ್ ಎತ್ತಿಕೊಂಡು ಟೀ ಕುಡಿದುಬಿಟ್ಟರು. ‘ಈಗ ಇಲ್ಲಿ ಯಾರನ್ನ ನಿಲ್ಲಿಸ್ತೀರಾ ಹೇಳಿ.’ ಮಂಡಿ ಅಣ್ಣ ಮುಂದಿಂದ ಒಂದು ಉದ್ದ ಗ್ಲಾಸ್ ತಂದು ಹಿಂದೆ ಇಟ್ಟರು. ಮೇಷ್ಟ್ರು ಇನ್ನೊಂದು ಚಿಕ್ಕ ಗ್ಲಾಸ್ ಎತ್ತಿದರು. ಮತ್ತೊಂದು ಉದ್ದ ಗ್ಲಾಸ್ ಹಿಂದೆ ಬಂತು. ಮುಂದೆ ಉಳಿದದ್ದು ಎರಡೇ. ‘ನಿಮ್ಮ ಸ್ಟ್ರೈಕರ್‌ಗೆ ಬಾಲ್ ಕೊಡೋರು ಯಾರಣ್ಣ?’ ಅಂಗಡಿಯವನು ಗ್ಲಾಸ್ ಒಡೆದರೆ ದುಡ್ಡು ಕೊಡಬೇಕು ಅಂತ ಕೂಗಿದ. ಅಲ್ಲಿಗೆ ಪಾಠ ಮುಗಿಯಿತು.

2023-24ರಲ್ಲಿ ಆದದ್ದು ಹೆಚ್ಚುಕಮ್ಮಿ ಇದೇ. ವಿದೇಶಿ ಜಾಗಗಳಲ್ಲಿ ಅಲೆಕ್ಸಾಂಡರ್ ಜೊವನೊವಿಕ್, ಸ್ಲಾವ್ಕೊ ದಮ್ಯಾನೊವಿಕ್, ಕೆಜಾಯಾ ವೀಂಡಾರ್ಪ್ ಇದ್ದರು. ಮೂವರೂ ಹಿಂದೆ ನಿಂತು ತಡೆಯುವವರು. ಮುಂದೆ ಕರ್ಟಿಸ್ ಮೇನ್ ಒಬ್ಬರೇ ಗಾಳಿಯಲ್ಲಿ ಬರುವ ಬಾಲಿಗೆ ಕಾಯುತ್ತಿದ್ದರು. ಅವರನ್ನು ಬೈದವರಲ್ಲಿ ನಾನೂ ಒಬ್ಬ. ಈಗ ಯೋಚಿಸಿದರೆ ಪಾಪ ಅನ್ನಿಸುತ್ತದೆ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು?

ಚಿಕ್ಕ ಗ್ಲಾಸಿನಿಂದ. ಅದರಲ್ಲೂ ಡಿಫೆನ್ಸ್ ನಡುವೆ ನಿಲ್ಲುವ ಇಬ್ಬರು ಇಂಡಿಯನ್ ಸೆಂಟರ್ ಬ್ಯಾಕ್‌ಗಳಿಂದ.

ನಮ್ಮ ದೇಶದಲ್ಲಿ ಒಳ್ಳೆ ಸೆಂಟರ್ ಬ್ಯಾಕ್ ಮತ್ತು ಸ್ಟ್ರೈಕರ್ ಸಿಗೋದು ಕಷ್ಟ. ಕಾರಣ ಗೊತ್ತಿರುವುದೇ. ಎಲ್ಲಾ ಕ್ಲಬ್ಬುಗಳೂ ವಿದೇಶಿಯರನ್ನು ಆ ಜಾಗಗಳಿಗೇ ತರುತ್ತವೆ, ನಮ್ಮ ಹುಡುಗರು ಬೆಂಚಿನ ಮೇಲೆ ಕೂತು ವಯಸ್ಸಾಗುತ್ತಾರೆ. ಅದಕ್ಕೇ ನಂಬಬಹುದಾದ ಇಬ್ಬರು ಸಿಕ್ಕಿದರೆ ಅದು ಎರಡು ವಿದೇಶಿ ಜಾಗ ಉಳಿಸಿದ ಹಾಗೆ.

2024ರಲ್ಲಿ ಕ್ಲಬ್ ಮಾಡಿದ್ದನ್ನು ನೋಡಿ. ಜನವರಿಯಲ್ಲಿ ಹೈದರಾಬಾದ್‌ನಿಂದ ಚಿಂಗ್ಲೆನ್‌ಸನಾ ಸಿಂಗ್ ಬಂದರು. ಜೂನ್ ಆದ ಮೇಲೆ ಮುಂಬೈನಿಂದ ಭೇಕೆ ವಾಪಸ್ ಬಂದರು. ಹೌದು, ಅದೇ 117ನೇ ನಿಮಿಷದ ಭೇಕೆ. ಹಿಂದೆ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು 2017ರಿಂದ ಇದ್ದಾರೆ, ನಡುವೆ ಸುರೇಶ್ ವಾಂಗ್‌ಜಮ್, ಬದಿಯಲ್ಲಿ ರೋಷನ್ ಸಿಂಗ್ ಮತ್ತು ನಿಖಿಲ್ ಪೂಜಾರಿ. ಲೆಕ್ಕ ಹಾಕಿ, ಆರು ಜಾಗ ನಮ್ಮವರಿಂದಲೇ ತುಂಬಿತು. ಆಗ ಅಲ್ಬರ್ಟೊ ನೊಗೇರಾ, ಪೆಡ್ರೊ ಕಾಪೊ, ಎಡ್ಗರ್ ಮೆಂಡೆಸ್, ಹೊರ್ಹೆ ಪೆರೇರಾ ಡಿಯಾಸ್, ರಯಾನ್ ವಿಲಿಯಮ್ಸ್ ಇವರಲ್ಲಿ ಯಾರು ಬೇಕೋ ಅವರನ್ನು ಮಧ್ಯಕ್ಕೂ ಮುಂದಕ್ಕೂ ಬಿಡಬಹುದಾಯಿತು.

ಹತ್ತನೇ ಸ್ಥಾನದ ಟೀಮ್ ಮರುವರ್ಷ ಮೂರನೇ ಸ್ಥಾನಕ್ಕೆ ಬಂತು. ನಾಕೌಟ್‌ನಲ್ಲಿ ಮುಂಬೈ ಸಿಟಿಗೆ 5-0. ಆ 4-0 ಇನ್ನೂ ಎದೆಯಲ್ಲೇ ಇದ್ದ ನಮಗೆ ಆ ಒಂದು ಗೋಲಿನ ಬಡ್ಡಿ ಎಷ್ಟು ಹಿತವಾಗಿತ್ತು ಅಂತ ಹೇಳಲಾರೆ.

ಎಲ್ಲರನ್ನೂ ಕಳಿಸಿ ಹೊಸದಾಗಿ ಶುರು ಮಾಡಿದರೆ ಏನು ತಪ್ಪು?

ಇದು ಡ್ರೈವರ್ ತಮ್ಮನ ವಾದ. ‘ಇಂಜಿನ್ ಹೋದ ಮೇಲೆ ಬಿಡಿಭಾಗ ಬದಲಾಯಿಸ್ತಾ ಕೂರಬಾರದು’ ಅಂತಾನೆ. ಕೇಳೋಕೆ ಚೆನ್ನಾಗಿದೆ. ಆದರೆ ಆ ಪ್ರಯೋಗ ಒಮ್ಮೆ ಆಗಿಹೋಗಿದೆ.

2023ರ ಫೈನಲ್ ಆಡಿದ ಟೀಮಿನಿಂದ ಆ ಬೇಸಿಗೆಯಲ್ಲಿ ಹೋದವರನ್ನು ಎಣಿಸಿ. ರಾಯ್ ಕೃಷ್ಣ ಒಡಿಶಾಕ್ಕೆ. ಸಂದೇಶ್ ಝಿಂಗನ್ ಗೋವಾಕ್ಕೆ. ಉದಾಂತ ಸಿಂಗ್ ಗೋವಾಕ್ಕೆ. ಪ್ರಬೀರ್ ದಾಸ್ ಕೇರಳಕ್ಕೆ. ಅಲನ್ ಕೋಸ್ಟಾ, ಬ್ರೂನೊ ರಮಿರೆಸ್ ಕೂಡ ಇಲ್ಲ. ಒಂದೇ ಸಲಕ್ಕೆ ಅರ್ಧ ಮನೆ ಖಾಲಿ. ಬಂದವರು ಕೆಟ್ಟ ಆಟಗಾರರಲ್ಲ. ಆದರೆ ಯಾರು ಯಾವಾಗ ಓಡುತ್ತಾರೆ, ಯಾರು ಕಾಲಿಗೆ ಬಾಲ್ ಕೇಳುತ್ತಾರೆ ಅನ್ನೋದು ಒಬ್ಬರಿಗೊಬ್ಬರಿಗೆ ಗೊತ್ತಾಗೋ ಹೊತ್ತಿಗೆ ಲೀಗ್ ಅರ್ಧ ಮುಗಿದಿತ್ತು.

ಅದೇ 2023ರ ಜುಲೈನಲ್ಲಿ ನಮ್ಮ ಮಾರುಕಟ್ಟೆಯಲ್ಲಿ ಏನಾಯ್ತು ಅಂತ ಕೋಲಾರದವರಿಗೆ ಹೇಳಬೇಕಿಲ್ಲ. 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತು. ರಾತ್ರಿ ತೋಟಕ್ಕೆ ಕಾವಲು ಕೂತವರಿದ್ದರು. ಆ ರೇಟ್ ನೋಡಿ ಎಷ್ಟೋ ಜನ ಸಾಲ ಮಾಡಿ ನಾಟಿ ಹಾಕಿದರು. ನಮ್ಮ ಅಂಗಡಿಯಲ್ಲಿ ಸಸಿ, ಗೊಬ್ಬರ, ಡ್ರಿಪ್ ಪೈಪು ಎಲ್ಲಾ ಉದ್ದರಿಗೆ ಹೋಯಿತು. ಸೆಪ್ಟೆಂಬರ್‌ಗೆ ರೇಟ್ ನೆಲ ಕಚ್ಚಿತು. ಆ ಉದ್ದರಿ ಪುಸ್ತಕ ಇನ್ನೂ ನನ್ನ ಟೇಬಲ್ ಮೇಲೇ ಇದೆ.

ಆಟಗಾರನನ್ನು ಹೋದ ವರ್ಷದ ಗೋಲು ನೋಡಿ ತರೋದೂ ಹಾಗೇ. ಆ ಗೋಲು ಬಂದಾಗ ಅವನ ಪಕ್ಕದಲ್ಲಿ ಯಾರಿದ್ದರು, ಯಾವ ಕೋಚ್ ಕೈಕೆಳಗೆ ಆಡುತ್ತಿದ್ದ, ವಯಸ್ಸು ಎಷ್ಟು, ಮಂಡಿ ನೋವು ಇದೆಯೇ ಇದೆಲ್ಲ ನೋಡಬೇಕು. (ಇಲ್ಲಿ ಮಂಡಿ ಅಂದರೆ ಮೊಣಕಾಲು. ಮಂಡಿ ಅಣ್ಣ ಬೇಜಾರಾಗಬಾರದು.)

ನನ್ನ ಲೆಕ್ಕ ಇಷ್ಟು: ಒಂದು ಬೇಸಿಗೆಯಲ್ಲಿ ಹನ್ನೊಂದರಲ್ಲಿ ನಾಲ್ಕು, ಹೆಚ್ಚೆಂದರೆ ಐದು ಬದಲಾವಣೆ. ಅದರಲ್ಲೂ ಇಬ್ಬರು ಮೂವರು ಮುಂಚೆಯೇ ಒಟ್ಟಿಗೆ ಆಡಿದವರಾದರೆ ಒಳ್ಳೆಯದು. 2024ರಲ್ಲಿ ಭೇಕೆ, ನೊಗೇರಾ, ಪೆರೇರಾ ಡಿಯಾಸ್ ಮೂವರೂ ಮುಂಬೈ ಸಿಟಿಯಿಂದ ಬಂದರು. ಆ ಮುಂಬೈ ಟೀಮ್ ಅದೇ ಮೇ ತಿಂಗಳಲ್ಲಿ ಮೋಹನ್ ಬಗಾನನ್ನು ಸೋಲಿಸಿ ಕಪ್ ಎತ್ತಿತ್ತು. ಪರಿಚಯ ಮಾಡಿಕೊಳ್ಳುವ ಕೆಲಸ ಅವರಿಗೆ ಅರ್ಧ ತಪ್ಪಿತು.

ಕೋಚ್ ಬದಲಾಯಿಸಿದರೆ ಸಾಲದೇ?

2021ರ ಜನವರಿಯಲ್ಲಿ ಕಾರ್ಲೆಸ್ ಕುದ್ರಾತ್ ಹೋದರು. ನೌಷಾದ್ ಮೂಸಾ ಉಳಿದ ಸೀಸನ್ ನೋಡಿಕೊಂಡರು. ಮಾರ್ಕೊ ಪೆಜ್ಜಾಯೋಲಿ ಒಂದು ವರ್ಷ. ಸೈಮನ್ ಗ್ರೇಸನ್ ಒಂದೂವರೆ ವರ್ಷ. 2023ರ ಡಿಸೆಂಬರ್‌ನಲ್ಲಿ ಜೆರಾರ್ಡ್ ಝರಗೋಝಾ. ಮೂರು ವರ್ಷದಲ್ಲಿ ಐದು ಹೆಸರು.

ಪ್ರತಿ ಕೋಚ್‌ಗೂ ತನ್ನದೇ ಆಟ ಇರುತ್ತದೆ, ಆ ಆಟಕ್ಕೆ ಬೇಕಾದ ಆಟಗಾರರನ್ನು ಕೇಳುತ್ತಾರೆ. ಕೋಚ್ ಹೋಗುತ್ತಾರೆ, ಆಟಗಾರರ ಕಾಂಟ್ರಾಕ್ಟ್ ಉಳಿಯುತ್ತದೆ. ಒಬ್ಬರು ಹಾಕಿದ ಪಾಯ, ಇನ್ನೊಬ್ಬರು ಎತ್ತಿದ ಗೋಡೆ, ಮತ್ತೊಬ್ಬರ ತಾರಸಿ. ಮಳೆ ಬಂದರೆ ಸೋರದೆ ಇರುತ್ತಾ? ಹತ್ತನೇ ಸ್ಥಾನಕ್ಕೆ ಇಳಿದ ವರ್ಷವೇ ಝರಗೋಝಾ ಅವರನ್ನೂ ಕಳಿಸಿ ಅಂತ ನಮ್ಮಲ್ಲಿ ಮೂವರು ಹೇಳಿದ್ದರು. ಕಳಿಸಲಿಲ್ಲ. ಮರುವರ್ಷ ಅವರೇ ಟೀಮನ್ನು ಫೈನಲ್‌ಗೆ ತಂದರು. ಆ ಮೂವರಲ್ಲಿ ನಾನು ಇರಲಿಲ್ಲ ಅಂತ ಹೇಳುವ ಆಸೆ ಇದೆ, ಆದರೆ ಮೇಷ್ಟ್ರು ಇದನ್ನು ಓದುತ್ತಾರೆ.

ಛೇತ್ರಿಗೆ ವಯಸ್ಸಾಯ್ತು. ಬಿಡೋದು ಯಾವಾಗ?

ಈ ಪ್ರಶ್ನೆ ಬಂದರೆ ಟೀ ಅಂಗಡಿ ಎರಡು ಹೋಳಾಗುತ್ತದೆ.

ಸುನಿಲ್ ಛೇತ್ರಿ ಹುಟ್ಟಿದ್ದು 1984ರ ಆಗಸ್ಟ್ 3. ಕ್ಲಬ್ ಹುಟ್ಟಿದಾಗಿನಿಂದ ಇದ್ದಾರೆ. 2024ರ ಜೂನ್ 6ರಂದು ಕೋಲ್ಕತ್ತಾದಲ್ಲಿ ಕುವೈತ್ ವಿರುದ್ಧ ಆಡಿ ದೇಶದ ಟೀಮಿಗೆ ವಿದಾಯ ಹೇಳಿದರು. ಆ ರಾತ್ರಿ ಮಾಮ ಊಟ ಮಾಡಲಿಲ್ಲ. ನಾವೆಲ್ಲ ಇನ್ನು ಕ್ಲಬ್ಬಿಗೂ ಒಂದು ವರ್ಷ ಅಷ್ಟೇ ಅಂದುಕೊಂಡೆವು. ಆ ಸೀಸನ್‌ನಲ್ಲಿ ಅವರು ಹಾಕಿದ್ದು 14 ಗೋಲು. ಇಂಡಿಯನ್ ಆಟಗಾರರಲ್ಲಿ ಅವರದೇ ಹೆಚ್ಚು. ಡಿಸೆಂಬರ್ 7ಕ್ಕೆ ಕೇರಳ ಬ್ಲಾಸ್ಟರ್ಸ್ ಮೇಲೆ 40ನೇ ವಯಸ್ಸಿನಲ್ಲಿ ಹ್ಯಾಟ್ರಿಕ್. 2025ರ ಮಾರ್ಚ್‌ನಲ್ಲಿ ದೇಶದ ಟೀಮಿಗೂ ವಾಪಸ್ ಬಂದರು. ಏಪ್ರಿಲ್‌ನಲ್ಲಿ ಸೆಮಿಫೈನಲ್‌ನ ಎರಡನೇ ಮ್ಯಾಚ್, ಗೋವಾ ಎರಡು ಗೋಲು ಹಾಕಿ ಲೆಕ್ಕ ಸಮ ಮಾಡಿತ್ತು, 92ನೇ ನಿಮಿಷದಲ್ಲಿ ಛೇತ್ರಿ ತಲೆ ಕೊಟ್ಟರು. ಫೈನಲ್ ಟಿಕೆಟ್.

ಮಾಮನ ಪ್ರಕಾರ ಇಷ್ಟು ಸಾಕು, ಇನ್ನೇನೂ ಮಾತಾಡಬೇಡಿ.

ನನ್ನ ತಕರಾರು ಛೇತ್ರಿ ಮೇಲಲ್ಲ. ಅವರು ಚೆನ್ನಾಗಿ ಆಡುತ್ತಿರುವುದರಿಂದ ಮುಂದಿನ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ ಅನ್ನೋದರ ಮೇಲೆ. 14 ಗೋಲು ಹಾಕುವವರು ಒಂದು ದಿನ ಶೂ ಬಿಚ್ಚಿದರೆ ಆ 14 ಎಲ್ಲಿಂದ ಬರುತ್ತದೆ? ಟೀಮ್ ಕಟ್ಟುವವರು ಅವರನ್ನು ಹನ್ನೆರಡನೆಯವರು ಅಂತ ಲೆಕ್ಕ ಹಾಕಬೇಕು. ಇದ್ದರೆ ಲಾಭ, ಇಲ್ಲದಿದ್ದರೂ ಮ್ಯಾಚ್ ನಡೆಯಬೇಕು. ಅವರ ಜಾಗಕ್ಕೆ ಬರಬೇಕಾದ ಹುಡುಗನಿಗೆ ಈಗಲೇ ವಾರಕ್ಕೆ ಅರ್ಧ ಗಂಟೆಯಾದರೂ ಮೈದಾನ ಸಿಗಬೇಕು.

ಸ್ಟ್ರೈಕರ್ ಶಿವಶಕ್ತಿ ನಾರಾಯಣನ್ 2022-23ರಲ್ಲಿ ಲೀಗಿನ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದ. ಅದರ ಹಿಂದಿನ ವರ್ಷ ಅದೇ ಪ್ರಶಸ್ತಿ ರೋಷನ್‌ಗೆ ಬಂದಿತ್ತು. ಎರಡು ವರ್ಷ ಸತತವಾಗಿ ನಮ್ಮ ಹುಡುಗರೇ. ರೋಷನ್ ಜಾಗ ಗಟ್ಟಿ ಮಾಡಿಕೊಂಡ, ಯಾಕಂದರೆ ಅವನ ಜಾಗದಲ್ಲಿ ದೊಡ್ಡ ಹೆಸರಿನವರು ಯಾರೂ ನಿಂತಿರಲಿಲ್ಲ. ಸ್ಟ್ರೈಕರ್ ಆದ ಶಿವಶಕ್ತಿಗೆ ಆ ಅದೃಷ್ಟ ಇರಲಿಲ್ಲ. ಅವನ ಮುಂದೆ ಛೇತ್ರಿ, ಪಕ್ಕದಲ್ಲಿ ವಿದೇಶಿಯವರು.

ಇದನ್ನು ಹೇಳಿದಾಗ ಮಾಮ ಗ್ಲಾಸ್ ಕೆಳಗಿಟ್ಟು ಎದ್ದು ಹೋದರು. ಮರುದಿನ ಬಂದು ನನ್ನ ಟೀ ದುಡ್ಡನ್ನೂ ಅವರೇ ಕೊಟ್ಟರು. ವಿಷಯ ಎತ್ತಲಿಲ್ಲ.

ರಯಾನ್ ವಿಲಿಯಮ್ಸ್ ಈಗ ಇಂಡಿಯನ್ ಅಂತಾರಲ್ಲ, ಅದರಿಂದ ಟೀಮಿಗೆ ಏನು ಲಾಭ?

ಆಸ್ಟ್ರೇಲಿಯಾದಲ್ಲಿ ಹುಟ್ಟಿದ ವಿಲಿಯಮ್ಸ್ 2025ರಲ್ಲಿ ಭಾರತದ ಪೌರತ್ವ ಪಡೆದರು. ತಾಯಿಯ ಕಡೆಯಿಂದ ಮುಂಬೈ ನಂಟು. ಮೇಷ್ಟ್ರ ಭಾಷೆಯಲ್ಲಿ ಹೇಳಬೇಕಂದರೆ ಒಂದು ಉದ್ದ ಗ್ಲಾಸ್ ಚಿಕ್ಕ ಗ್ಲಾಸಿನ ಸಾಲಿಗೆ ಬಂತು. ನಾಲ್ಕು ವಿದೇಶಿಯರ ಜೊತೆಗೆ ಅವರೂ ಆಡಬಹುದು. ಒಬ್ಬ ಆಟಗಾರನನ್ನೂ ಕೊಳ್ಳದೆ ಸಿಕ್ಕ ಬಲ ಇದು.

ಆಟಗಾರನನ್ನು ಕೊಳ್ಳೋದು ಅಂದರೆ ಕೋಟಿಗಟ್ಟಲೆ ಕೊಡಬೇಕಲ್ಲ?

ಟಿವಿಯಲ್ಲಿ ಯುರೋಪಿನ ಸುದ್ದಿ ನೋಡಿ ಹಾಗೆ ಅನ್ನಿಸುತ್ತದೆ. ಇಲ್ಲಿ ಬಹಳಷ್ಟು ಆಟಗಾರರು ಹಳೆ ಕಾಂಟ್ರಾಕ್ಟ್ ಮುಗಿಸಿಕೊಂಡು ಬರುತ್ತಾರೆ. ಆಗ ಹಳೆ ಕ್ಲಬ್ಬಿಗೆ ಏನೂ ಕೊಡಬೇಕಿಲ್ಲ, ಆಟಗಾರನ ಸಂಬಳ ಒಪ್ಪಿಕೊಂಡರೆ ಆಯಿತು. ಫಿಫಾ ನಿಯಮದ ಪ್ರಕಾರ ಕಾಂಟ್ರಾಕ್ಟ್ ಮುಗಿಯಲು ಆರು ತಿಂಗಳು ಇರುವಾಗಲೇ ಆಟಗಾರ ಬೇರೆ ಕ್ಲಬ್ಬಿನ ಜೊತೆ ಮಾತು ಮುಗಿಸಬಹುದು.

ಅಂದರೆ ಬೇಸಿಗೆಯ ಕೆಲಸ ನಿಜವಾಗಿ ಶುರುವಾಗೋದು ಜನವರಿಯಲ್ಲಿ. ಮೇ ತಿಂಗಳಲ್ಲಿ ಕಾಂಟ್ರಾಕ್ಟ್ ಮುಗಿಯುವ ಆಟಗಾರರ ಪಟ್ಟಿ ಯಾವ ಕ್ಲಬ್ಬಿನ ಹತ್ತಿರ ಡಿಸೆಂಬರ್‌ನಲ್ಲೇ ಇರುತ್ತದೋ ಅವರಿಗೆ ಒಳ್ಳೆ ಮಾಲು. ತಡವಾಗಿ ಬಂದವರಿಗೆ ಹರಾಜು ಮುಗಿದ ಮೇಲೆ ನೆಲದಲ್ಲಿ ಉಳಿದದ್ದು. ಮಂಡಿ ಅಣ್ಣ ಇದೊಂದಕ್ಕೆ ಮಾತ್ರ ಮೇಲಿಂದ ಮೇಲೆ ತಲೆ ಆಡಿಸಿದರು.

ಇದೇ ಮಾತು ನಮ್ಮವರಿಗೂ ಅನ್ವಯಿಸುತ್ತದೆ. ಒಳ್ಳೆ ಇಂಡಿಯನ್ ಆಟಗಾರನ ಕಾಂಟ್ರಾಕ್ಟ್‌ನಲ್ಲಿ ಒಂದೇ ವರ್ಷ ಉಳಿದಿದ್ದರೆ ಆವಾಗಲೇ ಕೂರಿಸಿ ಮಾತಾಡಬೇಕು. ಕಳಕೊಂಡ ಮೇಲೆ ಅಂಥವನನ್ನು ಹುಡುಕೋದಕ್ಕಿಂತ ಇದ್ದವನಿಗೆ ಸ್ವಲ್ಪ ಜಾಸ್ತಿ ಕೊಡೋದು ಅಗ್ಗ.

ಸೀಸನ್ ನಡುವೆ, ಜನವರಿಯಲ್ಲಿ, ಏನಾದರೂ ಸರಿ ಮಾಡಬಹುದಾ?

ಮಾಡಬಹುದು, ಆದರೆ ಕಮ್ಮಿ. ಯಾವ ಕ್ಲಬ್ಬೂ ತನ್ನ ಒಳ್ಳೆ ಆಟಗಾರನನ್ನು ನಡುವೆ ಬಿಡಲ್ಲ. 2024ರ ಜನವರಿಯಲ್ಲಿ ಚಿಂಗ್ಲೆನ್‌ಸನಾ, ಪೂಜಾರಿ ಸಿಕ್ಕಿದ್ದು ಹೈದರಾಬಾದ್ ಕ್ಲಬ್ ದುಡ್ಡಿನ ತೊಂದರೆಯಲ್ಲಿ ಸಿಕ್ಕಿಕೊಂಡಿದ್ದರಿಂದ. ಆ ಸೀಸನ್ ಉಳಿಯಲಿಲ್ಲ, ಮುಂದಿನದಕ್ಕೆ ಪಾಯ ಬಿತ್ತು.

ನಮ್ಮ ಲೋಕಲ್ ಹುಡುಗರನ್ನು ಯಾಕೆ ಆಡಿಸಲ್ಲ?

ಪಿಟಿ ಮೇಷ್ಟ್ರ ಪ್ರಶ್ನೆ, ನನಗೂ ಇಷ್ಟದ್ದು. ಕ್ಲಬ್ಬಿನ ವಸತಿ ಅಕಾಡೆಮಿ ಬಳ್ಳಾರಿ ಕಡೆ ವಿಜಯನಗರದಲ್ಲಿದೆ. ಹುಡುಗರ ಟೀಮ್ ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗನ್ನು ಮೊದಲ ಎರಡು ವರ್ಷ, 2022 ಮತ್ತು 2023ರಲ್ಲಿ, ಗೆದ್ದಿತು. 2024ರ ಸೆಪ್ಟೆಂಬರ್ 14ರಂದು ಸೀಸನ್ನಿನ ಮೊದಲ ಮ್ಯಾಚ್‌ನಲ್ಲಿ ಈಸ್ಟ್ ಬೆಂಗಾಲ್ ಮೇಲೆ ಗೆಲುವಿನ ಒಂದೇ ಗೋಲು ಹಾಕಿದ್ದು ಯೂತ್ ಟೀಮಿನಿಂದ ಬೆಳೆದ 19 ವರ್ಷದ ವಿನೀತ್ ವೆಂಕಟೇಶ್. ಹಾಗಾಗಿ ಬೆಳೆಸಲ್ಲ ಅನ್ನೋದು ಸರಿಯಲ್ಲ.

ಕರ್ನಾಟಕದಲ್ಲಿ ಆಟಗಾರರಿಲ್ಲ ಅನ್ನೋದೂ ಸರಿಯಲ್ಲ. 2023ರ ಮಾರ್ಚ್‌ನಲ್ಲಿ ರಾಜ್ಯದ ಟೀಮ್ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ತಂದಿತು. ಅದಕ್ಕೆ ಮುಂಚೆ ಗೆದ್ದದ್ದು 1968-69ರಲ್ಲಿ, ಆಗ ರಾಜ್ಯದ ಹೆಸರೇ ಮೈಸೂರು.

ತೊಂದರೆ ಇರೋದು ಕೋಲಾರದಂಥ ಊರಲ್ಲಿ. ಮೇಷ್ಟ್ರ ಶಾಲೆಯಲ್ಲಿ ಒಬ್ಬ ಹುಡುಗ ಇದ್ದ. ಎಡಗಾಲು ನೋಡಬೇಕಿತ್ತು. ಬೆಂಗಳೂರಿನ ಒಂದು ಕೋಚಿಂಗ್‌ಗೆ ವಾರಕ್ಕೆ ಮೂರು ದಿನ ಹೋಗಿ ಬರುತ್ತಿದ್ದ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಬಸ್, ಆಟ ಮುಗಿಸಿ ಮತ್ತೆ ಬಸ್, ಹತ್ತೂವರೆಗೆ ಕ್ಲಾಸಿನಲ್ಲಿ ನಿದ್ದೆ. ಹತ್ತನೇ ಕ್ಲಾಸಿಗೆ ಬಂದಾಗ ಅಪ್ಪ ಶೂ ಎತ್ತಿಟ್ಟರು. ಅಪ್ಪನ ಮೇಲೆ ತಪ್ಪು ಹೊರಿಸೋಕೆ ಆಗಲ್ಲ. ಆ ಹುಡುಗ ಈಗ ಮಾರುಕಟ್ಟೆಯಲ್ಲಿ ಬಾಕ್ಸ್ ಲೋಡ್ ಮಾಡುತ್ತಾನೆ. ಖಾಲಿ ಬಾಕ್ಸನ್ನು ಈಗಲೂ ಎಡಗಾಲಲ್ಲೇ ತಳ್ಳುತ್ತಾನೆ, ಎಲ್ಲಿಗೆ ಬೇಕೋ ಅಲ್ಲಿಗೇ ಹೋಗಿ ನಿಲ್ಲುತ್ತದೆ.

ನಮ್ಮ ಕಡೆಯ ಊರುಗಳಲ್ಲಿ ವರ್ಷಕ್ಕೆರಡು ಸಲ ಟ್ರಯಲ್ಸ್ ನಡೆಸಿ, ಸಿಕ್ಕವರಿಗೆ ಹಾಸ್ಟೆಲ್ ಕೊಟ್ಟರೆ ಸಾಕು. ಒಬ್ಬ ವಿದೇಶಿ ಆಟಗಾರನ ಖರ್ಚಿಗೆ ಹೋಲಿಸಿದರೆ ಇದೆಷ್ಟರ ಮಾತು?

ರೆಲಿಗೇಶನ್ (ಕೊನೆಗೆ ಬಂದ ಟೀಮನ್ನು ಕೆಳಗಿನ ಲೀಗಿಗೆ ಇಳಿಸೋದು) ಆಗ ಇರಲಿಲ್ಲವಲ್ಲ, ಮತ್ತೆ ಭಯ ಯಾಕೆ?

ಭಯ ಇಲ್ಲದ್ದೇ ಕಾಯಿಲೆ. ನಾವು ಹತ್ತನೇ ಸ್ಥಾನಕ್ಕೆ ಬಿದ್ದ ವರ್ಷ ಕೆಳಗೆ ಇಳಿಯುವ ಶಿಕ್ಷೆ ಇರಲಿಲ್ಲ. ಇದ್ದಿದ್ದರೆ ಅವಸರದಲ್ಲಿ ಕಂಡವರನ್ನೆಲ್ಲ ತರುತ್ತಿದ್ದರೇನೋ. ನಿಧಾನವಾಗಿ ಕಟ್ಟೋಕೆ ಸಮಯ ಸಿಕ್ಕಿತು ಅನ್ನೋದು ಒಂದು ಲಾಭ. ಆದರೆ ಫೆಬ್ರುವರಿಯಲ್ಲಿ ಏನೂ ಉಳಿಯದ ಮ್ಯಾಚಿಗೆ ಟಿಕೆಟ್ ತಗೊಂಡು ಹೋಗಿ ಕೂತವರಿಗೆ ಆ ಲಾಭ ಕಾಣಲ್ಲ.

ಲೀಗೇ ನಿಂತುಹೋದರೆ ಟೀಮ್ ಕಟ್ಟಿ ಏನು ಮಾಡ್ತೀರಾ?

2025ರ ಜುಲೈನಲ್ಲಿ ಈ ಪ್ರಶ್ನೆ ತಮಾಷೆಯಾಗಿ ಉಳಿಯಲಿಲ್ಲ. ಫುಟ್‌ಬಾಲ್ ಫೆಡರೇಶನ್ ಮತ್ತು ಲೀಗ್ ನಡೆಸುತ್ತಿದ್ದ ಕಂಪನಿಯ ನಡುವಿನ ಒಪ್ಪಂದ ಮುಂದುವರಿಯುವುದೋ ಇಲ್ಲವೋ ಗೊತ್ತಾಗದೆ ಹೊಸ ಸೀಸನ್ ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ನಮ್ಮ ಕ್ಲಬ್ ಆಟಗಾರರು ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸುವುದಾಗಿ ಹೇಳಿತು. ಏಪ್ರಿಲ್ 12ಕ್ಕೆ ಕೋಲ್ಕತ್ತಾದಲ್ಲಿ ಫೈನಲ್ ಆಡಿ, ಮೊದಲು ಗೋಲು ಪಡೆದು, ಹೆಚ್ಚುವರಿ ಸಮಯದಲ್ಲಿ ಮೋಹನ್ ಬಗಾನ್‌ಗೆ 2-1ರಿಂದ ಸೋತ ಟೀಮ್ ಅದು. ನಾಲ್ಕೇ ತಿಂಗಳು.

ಇಂಥ ಹೊತ್ತಿನಲ್ಲಿ ವಿದೇಶಿ ಆಟಗಾರ ಬೇರೆ ದೇಶದ ಕೆಲಸ ಹುಡುಕಬಹುದು. ಮಣಿಪುರದ, ಮಿಜೋರಾಂನ ಹುಡುಗ ಎಲ್ಲಿಗೆ ಹೋಗಬೇಕು? ಟೀಮ್ ಕಟ್ಟುವ ಬಗ್ಗೆ ಮಾತಾಡುವಾಗ ನಾವು ಹೆಸರುಗಳನ್ನು ಬೆಂಚಿನ ಮೇಲೆ ಗ್ಲಾಸ್ ಸರಿಸಿದ ಹಾಗೆ ಸರಿಸುತ್ತೇವೆ. ಆ ತಿಂಗಳು ಗ್ಲಾಸ್ ಮುಟ್ಟೋಕೆ ಯಾರಿಗೂ ಮನಸ್ಸಾಗಲಿಲ್ಲ.

ನಿಮ್ಮ ಕೈಗೆ ಕೊಟ್ಟರೆ ಮೊದಲು ಯಾರನ್ನು ತರ್ತೀರಾ?

24ರಿಂದ 26 ವಯಸ್ಸಿನ ಒಬ್ಬ ಇಂಡಿಯನ್ ಸೆಂಟರ್ ಬ್ಯಾಕ್. ಭೇಕೆ, ಚಿಂಗ್ಲೆನ್‌ಸನಾ ಇಬ್ಬರೂ ಹಿರಿಯರು, ಇಬ್ಬರೂ ಒಂದೇ ವರ್ಷ ಆಟ ನಿಲ್ಲಿಸಿದರೆ ಮತ್ತೆ 2023-24ರ ಗತಿ. ಆಮೇಲೆ ಗುರ್‌ಪ್ರೀತ್ ಹಿಂದೆ ಒಬ್ಬ ಗೋಲ್‌ಕೀಪರ್, ಸುಮ್ನೆ ಹೆಸರಿಗೆ ಇರೋನಲ್ಲ, ವರ್ಷಕ್ಕೆ ಏಳೆಂಟು ಮ್ಯಾಚ್ ಆಡುವವನು. ಅದಾದ ಮೇಲೆ ಸ್ಟ್ರೈಕರ್. ಮಂಡಿ ಅಣ್ಣ ಈ ಪಟ್ಟಿಯನ್ನು ತಿರುಗಿಸಿ ಹಾಕಿಕೊಂಡಿದ್ದಾರೆ. ಅವರದು ಸ್ಟ್ರೈಕರ್, ಸ್ಟ್ರೈಕರ್, ಆಮೇಲೆ ನೋಡೋಣ.

ಕಂಠೀರವದಲ್ಲಿ ಮ್ಯಾಚ್ ನೋಡಿ ರಾತ್ರಿ ಕೋಲಾರಕ್ಕೆ ವಾಪಸ್ ಬರೋದು ಹೇಗೆ?

ಹೋಗುವಾಗ ಕೆ.ಆರ್.ಪುರದಲ್ಲಿ ಬಸ್ ಇಳಿದುಬಿಡಿ. ಅಲ್ಲಿಂದ ನೇರಳೆ ಮೆಟ್ರೊ ಹತ್ತಿ ಕಬ್ಬನ್ ಪಾರ್ಕ್ ಸ್ಟೇಷನ್‌ನಲ್ಲಿ ಇಳಿದರೆ ನಡೆಯುವ ದೂರ. ಮ್ಯಾಚ್ ಏಳೂವರೆಗೆ ಶುರುವಾದರೆ ಒಂಬತ್ತೂವರೆ ಹೊತ್ತಿಗೆ ಮುಗಿಯುತ್ತದೆ. ಸ್ಟೇಡಿಯಂ ಸುತ್ತ ಅಥ್ಲೆಟಿಕ್ಸ್ ಟ್ರ್ಯಾಕ್ ಇರೋದರಿಂದ ಆಟ ದೂರ ಕಾಣುತ್ತದೆ, ವೆಸ್ಟ್ ಬ್ಲಾಕ್‌ನಲ್ಲಿ ಕೂತರೆ ಹಾಡು ಕೂಗಾಟದಲ್ಲಿ ಅದು ಮರೆತುಹೋಗುತ್ತದೆ. ಬರುವಾಗ ಅದೇ ದಾರಿ, ಕೆ.ಆರ್.ಪುರದಲ್ಲಿ ಕೋಲಾರ, ಮುಳಬಾಗಿಲು, ತಿರುಪತಿ ಕಡೆ ಹೋಗುವ ಬಸ್‌ಗೆ ಕಾಯಬೇಕು. ಸೀಟ್ ಸಿಗಲ್ಲ ಅಂತಲೇ ಇಟ್ಟುಕೊಳ್ಳಿ. ಚಿಲ್ಲರೆ ಇಟ್ಟುಕೊಳ್ಳಿ, ಡಿಸೆಂಬರ್ ಆದರೆ ಸ್ವೆಟರ್ ಮರೀಬೇಡಿ. ಮಾಮನ ಪಕ್ಕ ನಿಂತರೆ ನರಸಾಪುರದವರೆಗೂ ಛೇತ್ರಿ ಕಥೆ ಕೇಳಬೇಕಾಗುತ್ತದೆ, ಅದಕ್ಕೂ ತಯಾರಾಗಿ ಬನ್ನಿ.